ಬಲೆ ಬಿಚ್ಚಿ ಮಾರಿದವನು

ಅವನ ಅಂಗಿ ನೀಲಿಯೋ ಬೂದಿಯೋ, ನೆನಪಿಲ್ಲ. ಅಂಗಡಿ ಶಿವಮೊಗ್ಗದ ಕೋಟೆ ಹತ್ತಿರವಿತ್ತು ಎಂಬುದೂ ನನ್ನ ಅಂದಾಜೇ ಇರಬಹುದು. ಆದರೆ ಆಟದ ಸಾಮಾನು ಮಾರುವ ಆ ಮನುಷ್ಯ ಗಿರಾಕಿಯ ಮುಖಕ್ಕಿಂತ ಮೊದಲು ಚಪ್ಪಲಿ ನೋಡುತ್ತಿದ್ದ. ಆಮೇಲೆ ಹೊಟ್ಟೆ ಸವರಿಕೊಂಡು, "ನಿಮ್ಮ ಬಜೆಟ್‌ಗೆ ಕೂರಿಸ್ತೀನಿ ಬಿಡಿ" ಎನ್ನುತ್ತಿದ್ದ.

ಭದ್ರಾವತಿಯಿಂದ ಬಂದಿದ್ದ ನನ್ನ ಅಕ್ಕನಿಗೆ, ಹಿತ್ತಲಲ್ಲಿ ಮಗಳು ಕುಣಿಯಲಿ ಎಂದು, ಮೇಲೆ ಹತ್ತಿ ಜಿಗಿಯುವ ದುಂಡನೆಯ ಟ್ರ್ಯಾಂಪೊಲಿನ್ ಬೇಕಿತ್ತು. ಅವಳ ದುಡ್ಡಿಗೆ, ಮಗು ಹೊರಗೆ ಬೀಳದಂತೆ ಸುತ್ತಲೂ ಬಲೆಯಿರುವ ಚಿಕ್ಕದು ಸಿಗುತ್ತಿತ್ತು. ಅವನು ದೊಡ್ಡದೊಂದನ್ನು ತೋರಿಸಿ, ಅದರ ಬಲೆ ಬಿಚ್ಚಿ, ಅದೇ ಬೆಲೆಗೆ ಕೂರಿಸಿದ.

"ಬಲೆ ಯಾಕಕ್ಕಾ? ಮಗು ಏನು ಮೀನಾ?"

ಅಕ್ಕ ನಕ್ಕಳು. "ನಿಮ್ಮ ಮನೇಲೂ ಇಂಥದ್ದು ಇರ್ಬೇಕಲ್ಲ, ಅದಕ್ಕೂ ಬಲೆ ಇಲ್ವಾ?" ಎಂದೆ ನಾನು.

"ನಮ್ಮ ಹುಡುಗ ಭಾಳ ತುಂಟ ಮೇಡಂ, ಅವನಿಗೆ ಬೇಕಾಗುತ್ತೆ" ಎಂದು ಬಿಲ್ ಹರಿದುಕೊಟ್ಟ.

ತಿಂಗಳೊಳಗೆ ಮಗು ಅಂಚು ದಾಟಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡಿತು. ನಾನು ಹೋಗಿ ಜಗಳ ತೆಗೆದರೆ, "ಅಲ್ಲಿ ಕಲ್ಲು ಯಾಕೆ ಹಾಕಿಸ್ಕೊಂಡ್ರಿ?" ಎಂದು ನನ್ನನ್ನೇ ಕೇಳಿದ.

ಆ ಸಂಜೆ ಅಕ್ಕನನ್ನು ಕೇಳಿದೆ: "ನಿಜ ಹೇಳು ಮಾರಾಯ್ತಿ, ಅವನ ಮಾತು ನಂಬಿದ್ಯಾ, ಇಲ್ಲಾ ಪಕ್ಕದ ಮನೆಯವ್ರಿಗೆ ಕಾಣ್ಲಿ ಅಂತ ದೊಡ್ಡದು ತಗೊಂಡ್ಯಾ?"

ಅಕ್ಕ ಮಗಳ ಕೈಗೆ ಕಟ್ಟಿದ್ದ ಪಟ್ಟಿಯನ್ನು ಸರಿಮಾಡುತ್ತಾ ಕುಳಿತಳು.