ಈನಕ್ ತಾತನಿಗೆ ಕೇಳದ ಸೀಟಿ

ಸೀಟಿ ಕೇಳಿಸದಿದ್ದರೆ? ವಾರವೆಲ್ಲ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ನನ್ನನ್ನು ಕೊರೆದದ್ದು ಇದೊಂದೇ. ನನ್ನ ಎಂಟು ವರ್ಷದ ಎಫೀಗೆ ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ. ಆಟದ ತಳ್ಳಾಟದಲ್ಲಿ ಕಿವಿಯ ಯಂತ್ರ ಹಾಕಿಕೊಳ್ಳುವಂತಿಲ್ಲ. ಅವಳಿಗೋ ನಮ್ಮೂರು ವಿದರ್‌ಶಾದ ಹುಡುಗಿಯರ ಫುಟ್‌ಬಾಲ್ ತಂಡ ಸೇರಲೇಬೇಕು. ಹೆಸರು ಕೊಡಲು ಶುಕ್ರವಾರ ಸಂಜೆ ಆರು ಗಂಟೆಯೇ ಕೊನೆ. ಸೀಟಿ ಊದಿದ ಮೇಲೂ ಮಗು ಓಡುತ್ತಲೇ ಇದ್ದರೆ? ಎಲ್ಲರೂ ನಕ್ಕರೆ? ಮ್ಯಾಂಚೆಸ್ಟರಿನಲ್ಲಿ ಓದಿದವಳು ನಾನು, ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿದೆ. ಹೆದರಿಕೆ ಹೆಚ್ಚಿತು, ಅಷ್ಟೆ.

ಶುಕ್ರವಾರ ಸಂಜೆ ಐದು ದಾಟಿದ ಮೇಲೆ ಪಕ್ಕದ ಮನೆಯ ಹಿಲ್ಡಾ ಅಜ್ಜಿಯ ಅಡುಗೆಮನೆಯಲ್ಲಿ ಇದನ್ನೇ ತೋಡಿಕೊಂಡೆ. ಆಕೆ ಆಲೂಗಡ್ಡೆ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ನಿನ್ನ ತಲೆ! ನನ್ನ ತಾತ ಈನಕ್ ಪಿಲ್ಲಿಂಗ್ ಹನ್ನೊಂದು ವರ್ಷ ಸಂಬಳಕ್ಕೆ ಆಡ್ದ. ಒಂದು ಸೀಟಿನೂ ಅವನ ಕಿವಿಗೆ ಬೀಳ್ಲಿಲ್ಲ, ಗೊತ್ತೇನೇ?"

ಗೊತ್ತಿರಲಿಲ್ಲ.

ಈನಕ್ ಹತ್ತನೇ ವಯಸ್ಸಿಗೇ ಹತ್ತಿ ಮಿಲ್ಲಿನ ಮಗ್ಗದ ಷೆಡ್ಡು ಸೇರಿದವನು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳದು. ನೇಕಾರರೆಲ್ಲ ತುಟಿ ಅಗಲಿಸಿ, ಕುಣಿಸಿ, ದನಿಯಿಲ್ಲದೆ ಮಾತಾಡುವರು. ಈ ಮೂಲೆಯಿಂದ ಆ ಮೂಲೆಗೆ ಚಾಡಿಯೂ ಹಾಗೆಯೇ ಹೋಗುತ್ತಿತ್ತು. ಇಪ್ಪತ್ತು ತುಂಬುವಷ್ಟರಲ್ಲಿ ಅವನ ಕಿವಿ ಹೋಗಿತ್ತು, ಕಾಲು ಮಾತ್ರ ಮಿಂಚು. ಆಟಗಾರರಿಗೆ ಸಂಬಳ ಕೊಡಬಹುದೆಂಬ ನಿಯಮ ಬಂದ ಹೊಸತು. ಊರಿನ ತಂಡ ಅವನನ್ನು ಸೇರಿಸಿಕೊಂಡಿತು.

ಮೊದಲ ಪಂದ್ಯದಲ್ಲೇ ಆಟ ನಿಲ್ಲಿಸಲು ರೆಫರಿ ಸೀಟಿ ಊದಿದ, ಎಲ್ಲರೂ ನಿಂತರು. ಈನಕ್ ಒಬ್ಬನೇ ಓಡಿಹೋಗಿ ಗೋಲು ಹೊಡೆದು, ಕೈಯೆತ್ತಿ ಕುಣಿದ. ಮೈದಾನಕ್ಕೆ ಮೈದಾನವೇ ನಕ್ಕಿತು.

"ಪಾಪ, ಅವಮಾನ ಆಗ್ಲಿಲ್ವಾ ಅಜ್ಜಿ?"

"ಅವಮಾನಾನಾ? ನಡು ಬಗ್ಗಿಸಿ ನಾಲ್ಕೂ ಕಡೆ ವಂದಿಸ್ದ ಕಣೇ!"

ಮುಂದಿನ ಶನಿವಾರ ಷೆಡ್ಡಿನ ಹೆಂಗಸರು ಮೈದಾನದ ಗೆರೆಯುದ್ದಕ್ಕೂ ಸಾಲಾಗಿ ನಿಂತರು. ಸೀಟಿ ಊದಿದೊಡನೆ ಅಷ್ಟೂ ಜನರ ಶಾಲುಗಳು ಮೇಲೆದ್ದವು. ಈನಕ್ ಗಕ್ಕನೆ ನಿಂತ.

ತಂಡದಲ್ಲಿ ಎಂಟು ಜನ ನೇಕಾರರೇ. ಚೆಂಡು ಎತ್ತ ಬರಲಿದೆ ಎಂಬುದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಎದುರಾಡಲು ಬಂದ ಲಂಡನ್ನಿನವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಗೆದ್ದು ಗೆದ್ದು ಕೊಬ್ಬು ಬಂತು. ಆಮೇಲೆ ಬಂತು ಕಪ್ ಪಂದ್ಯ, ಗುಡ್ಡದಾಚೆಯ ಹೋಮ್‌ಡೆನ್ ತಂಡದ ಮೇಲೆ. ನೋಡನೋಡುತ್ತ ಎರಡು ಗೋಲು ಹಿಂದೆ ಬಿದ್ದರು. ಎಲ್ಲಿಗೆ ಹೋದರೂ ಎದುರಾಳಿ ಮೊದಲೇ ಅಲ್ಲಿ! ಈನಕ್ ತನ್ನ ನಾಯಕನತ್ತ ತಿರುಗಿ ತುಟಿಯಾಡಿಸಿದ: 'ಎಡಕ್ಕೆ ಕೊಡು.' ಎದುರಿನ ದಡಿಯನೊಬ್ಬ ಹಲ್ಲು ಕಿರಿದು ತುಟಿಯಲ್ಲೇ ಉತ್ತರ ಕೊಟ್ಟ: 'ಬಾ ಮಗನೇ, ಕಾಯ್ತಾ ಇದೀನಿ!'

ಅಜ್ಜಿ ಲಟ್ಟಣಿಗೆ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. "ಹೋಮ್‌ಡೆನ್ನೂ ಹತ್ತಿ ಊರೇ ಅಲ್ವೇನೇ! ಅಲ್ಲೂ ಎಲ್ಲಾ ನೇಕಾರ್ರೇ. ಈ ಪೆದ್ದುಗಳಿಗೆ ಅದೇ ಮರ್ತುಹೋಗಿತ್ತು!"

"ಆಮೇಲೆ?"

"ಅರ್ಧ ಆಟ ಆದ್ಮೇಲೆ ತಾತ ಅಂದ್ನಂತೆ, 'ಇನ್ಮೇಲೆ ತುಟಿ ಎಡ ಅಂದ್ರೆ ಕಾಲು ಬಲಕ್ಕೆ ಕಣ್ರೋ.' ಮೂರು ಗೋಲು! ಎರಡು ಅವನ್ದೇ. ಆ ದಡಿಯ ಆಟ ಮುಗಿದ್ಮೇಲೆ ತುಟೀಲಿ 'ಸುಳ್ಳುಬುರುಕ' ಅಂತ ಬೈದು, ಬಿಯರು ಕುಡಿಸೋಕೆ ಎಳ್ಕೊಂಡು ಹೋದ. ಆ ದಡಿಯನ ತಂಗೀನೇ ಆಮೇಲೆ ತಾತನ್ನ ಮದ್ವೆ ಆದ್ಲು, ಅವಳೇ ನಮ್ಮಜ್ಜಿ."

ನಕ್ಕು ನಕ್ಕು ನನಗೆ ಕಣ್ಣೀರು ಬಂತು. ಎಫೀಯೂ ಮೂರು ವರ್ಷದವಳಿದ್ದಾಗಿನಿಂದ ನನ್ನ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ; ಕೋಣೆಯಾಚೆಯಿಂದ ನಾನು ಗಂಡನನ್ನು ಬೈದುಕೊಂಡರೂ ಅವಳಿಗೆ ಗೊತ್ತಾಗುತ್ತದೆ. ಗೋಡೆಯ ಗಡಿಯಾರ ನೋಡಿದೆ. ಆರಕ್ಕೆ ಹತ್ತು ನಿಮಿಷ. ಬಾಗಿಲ ಹಿಂದೆ ಅಜ್ಜಿಯ ಕೆಂಪು ಶಾಲು ನೇತಾಡುತ್ತಿತ್ತು. ಅದನ್ನು ಮಡಿಲಿಗೆ ಎಳೆದುಕೊಂಡು, ತಂಡದ ಕೋಚ್ ಜಾಕೀಗೆ ಫೋನ್ ಮಾಡಿದೆ.

"ಎಫೀ ಹೆಸರು ಬರ್ಕೊಳ್ಳಿ ಜಾಕೀ. ಆದ್ರೆ ಸೀಟಿ ಊದ್ದಾಗೆಲ್ಲ ನಾನು ಗೆರೆ ಹತ್ರ ನಿಂತು ಶಾಲು ಎತ್ತಬಹುದಾ?"

ಆಚೆ ಕಡೆ ಹಾಳೆ ತಿರುವಿ ಹೆಸರು ಬರೆದುಕೊಳ್ಳುವ ಸದ್ದು.

"ಎತ್ತಿ ಎತ್ತಿ. ನಂಗೂ ಒಂದು ತನ್ನಿ, ಆ ಕಡೆ ಗೆರೇಲಿ ನಾನು ಎತ್ತೀನಿ."