ಬೋತಾಳ ಪಕ್ಕದ ಸೀಟು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಂಡ್ಯದಲ್ಲಿ ನಮ್ಮವ್ವ ಹೇಳುತ್ತಿದ್ದಳು. ಗಂಡನ ಹಿಂದೆ ಪರದೇಶದ ಸನ್ನಿವೇಲ್‌ಗೆ ಬಂದ ಮೇಲೂ ಅದೇನೂ ಕಡಿಮೆಯಾಗಲಿಲ್ಲ. ಬಾಲ್ಕನಿಯಲ್ಲಿ ಸೀರೆ ಒಣಗಹಾಕಿದ್ದಕ್ಕೆ ಅಪಾರ್ಟ್‌ಮೆಂಟಿನ ಮ್ಯಾನೇಜರು ನನಗೆ ಬೈದ ದಿನ, ಪಕ್ಕದ ಮನೆಯ ಹೆಂಗಸಿಗೂ ಮಂಗಳಾರತಿಯಾಯಿತು. ಅವಳ ಬಾಲ್ಕನಿಯಲ್ಲಿ ತೂಗುತ್ತಿದ್ದದ್ದು ಮಣಿ ಹೊಲಿದ ಪುಟ್ಟ ಫ್ರಾಕು. ಅವನು ಬೆನ್ನು ತಿರುಗಿಸಿದ್ದೇ ತಡ, ಇಬ್ಬರೂ ಮತ್ತೆ ಬಟ್ಟೆ ನೇತುಹಾಕಿದೆವು. ರಾಯ್ಖಾನ್ ನನಗೆ ಗೆಳತಿಯಾದದ್ದು ಹಾಗೆ.

ಐಸ್ ಮೇಲೆ ಸ್ಕೇಟ್ ಮಾಡುವಾಗ ತೊಡುವ ಆ ತುಂಡು ಫ್ರಾಕು ಅವಳ ಮಗಳದ್ದು. ಬೊತಾಗೋಜ್ ಎಂದು ಹೆಸರು. ಒಂಟೆಮರಿಯ ಕಣ್ಣಿನವಳು ಎಂದರ್ಥವಂತೆ. ನಮಗೆಲ್ಲ ಬೋತಾ. ಕಜಾಕಿಸ್ತಾನದ ಅಲ್ಮಾಟಿಯಲ್ಲಿ ಹುಟ್ಟಿ, ಸರಿಯಾಗಿ ಮಾತು ಬರುವ ಮೊದಲೇ ಐಸ್ ಮೇಲೆ ನಿಂತ ಹುಡುಗಿ. ಸೋವಿಯತ್ ದೇಶ ಒಡೆದ ಮೇಲೆ ಅಲ್ಲಿ ಕರೆಂಟಿಗೇ ತತ್ವಾರ, ಸ್ಕೇಟಿಂಗ್ ರಿಂಕಿನ ಐಸು ಕರಗಿ ಹೋಗುತ್ತಿತ್ತು. ಅವಳ ಕೋಚು ವಾದಿಮ್ ಈ ಕಡೆ ಕೆಲಸ ಹಿಡಿದು ಬಂದಾಗ, ಶಾಲೆಯಲ್ಲಿ ಪಿಯಾನೋ ಕಲಿಸುತ್ತಿದ್ದ ರಾಯ್ಖಾನ್ ಗಂಡನನ್ನು ಅಲ್ಲೇ ಬಿಟ್ಟು ಮಗಳ ಹಿಂದೆ ಬಂದಳು. ಈಗ ಪಾಲೋ ಆಲ್ಟೋದ ಒಂದು ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸುತ್ತಿದ್ದಳು. ಬೋತಾ ಸ್ಕೇಟ್ ಮಾಡುತ್ತಿದ್ದದ್ದು ಕಜಾಕಿಸ್ತಾನದ ಹೆಸರಿನಲ್ಲಿ. ಆ ದೇಶದ ಮಣ್ಣು ಮೆಟ್ಟಿ ಮಾತ್ರ ವರ್ಷಗಳಾಗಿದ್ದವು.

ಅದು ತೊಂಬತ್ತೊಂಬತ್ತನೇ ಇಸವಿ. ಎಲ್ಲರ ಬಾಯಲ್ಲೂ ಸ್ಟಾರ್ಟಪ್ಪು, ಐಪಿಓ. ನನ್ನ ಗಂಡ ರಘು ಆಫೀಸಿನಲ್ಲೇ ಮಲಗಿ ಏಳುವ ಕಾಲ. ನನಗೆ ವೀಸಾದ ಕಟ್ಟುಪಾಡು, ಕೆಲಸ ಮಾಡುವ ಹಾಗಿಲ್ಲ; ಕಾರು ಮಾತ್ರ ಇತ್ತು. ರಾಯ್ಖಾನ್ ಮುಂಜಾನೆಯೇ ಡೇಕೇರಿನ ಬಾಗಿಲು ತೆಗೆಯಬೇಕು, ಬೋತಾ ಅದೇ ಹೊತ್ತಿಗೆ ಸ್ಯಾನ್ ಹೋಸೆಯ ರಿಂಕಿನಲ್ಲಿರಬೇಕು. ಹಾಗಾಗಿ ಬೋತಾ ನನ್ನ ಪಕ್ಕದ ಸೀಟಿಗೆ ಬಂದಳು. "ಊರವರ ಮಕ್ಳನ್ನೆಲ್ಲ ಹೊತ್ಕೊಂಡು ತಿರುಗ್ತೀಯಲ್ಲ, ನಿಂಗೇನು ಬಂತು?" ಎಂದು ರಘು ಕೇಳಿದ. ಮಾತಾಡಲು ಒಂದು ಜೀವ ಬಂತು ಎಂದೆ.

ಐಸ್ ಮೇಲೆ ಜಾರುವುದು ಎಷ್ಟು ಚೆಂದ ಎನ್ನುವವರನ್ನು ಒಂದು ಬೆಳಗ್ಗೆ ಆ ರಿಂಕಿಗೆ ಕರೆದುಕೊಂಡು ಹೋಗಬೇಕು. ನಾನು ಕಂಡದ್ದು ಬೀಳುವುದನ್ನು. ಹಾರುತ್ತಾಳೆ, ದಬ್ ಎಂದು ಬೀಳುತ್ತಾಳೆ, ಏಳುತ್ತಾಳೆ, ಮತ್ತೆ ಹಾರುತ್ತಾಳೆ. ವಾದಿಮ್ ಕಟಕಟೆಗೆ ಒರಗಿ ಕಾಫಿ ಕುಡಿಯುತ್ತ ಇನ್ನೊಮ್ಮೆ ಎನ್ನುತ್ತಿದ್ದ. ಇವನ ಕೈಕಾಲಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು ಎಂದು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಬೂಟು ಬಿಚ್ಚಿದರೆ ಹದಿನೆಂಟರ ಹುಡುಗಿಯ ಪಾದ ನಮ್ಮ ಅತ್ತೆ ಲಿಂಗಮ್ಮನ ಪಾದಕ್ಕಿಂತ ಕಡೆಯಾಗಿತ್ತು. ಬೆನ್ನಿಗೆ ಪಟ್ಟಿ, ಮೊಣಕಾಲಿಗೆ ಪಟ್ಟಿ. ವಾಪಸು ಬರುವಾಗ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗುತ್ತಿದ್ದಳು.

ಎರಡು ಸಾವಿರದ ಚಳಿಗಾಲದಲ್ಲಿ ಸ್ಯಾನ್ ಹೋಸೆಯಲ್ಲೇ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ಬಂತು. ಮೊದಲ ಎಂಟರೊಳಗೆ ಬಂದರೆ ಕಜಾಕಿಸ್ತಾನದ ಸ್ಕೇಟಿಂಗ್ ಫೆಡರೇಶನ್ನಿನವರು ಬೋತಾಳನ್ನು ಯೂರೋಪಿನ ಕ್ಯಾಂಪಿಗೆ ಕಳಿಸುತ್ತಾರೆ, ಇನ್ನೂ ವರ್ಷಗಟ್ಟಲೆ ಇದೇ ಬದುಕು. ಬರದಿದ್ದರೆ ಟೀಮಿನಿಂದ ಕೈಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಒಂದು ಬೆಳಗ್ಗೆ ಫ್ರೀವೇಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದಾಗ ಬೋತಾ ನನ್ನ ಕಡೆ ನೋಡದೆ ಹೇಳಿದಳು. ಅವಳದೂ ಮುರುಕಲು ಇಂಗ್ಲಿಷು, ನನ್ನದೂ ಮುರುಕಲು. ಅದಕ್ಕೇ ನಮ್ಮಿಬ್ಬರಿಗೆ ಹೊಂದುತ್ತಿತ್ತು.

"ಆವತ್ತು ನಾನು ಬೇಕಂತಲೇ ಬೀಳ್ತೀನಿ ಆಂಟಿ. ಎಲ್ಲರೂ ಬೀಳ್ತಾರೆ, ಯಾರಿಗೂ ಗೊತ್ತಾಗಲ್ಲ. ನಂಗೆ ಸಾಕಾಗಿದೆ."

ಅಮ್ಮನಿಗೆ ಹೇಳಿಬಿಡು ಎಂದೆ. ಅಮ್ಮ ನನಗೋಸ್ಕರ ಮನೆ, ಕೆಲಸ, ಅಪ್ಪ ಎಲ್ಲ ಬಿಟ್ಟು ಬಂದವಳು, ಯಾವ ಬಾಯಲ್ಲಿ ಹೇಳಲಿ ಎಂದಳು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಆ ದಿನ ಮನೆಗೆ ಬಂದು ಯಾರ ಮೇಲೋ ಸಿಟ್ಟು, ಪಾತ್ರೆಗಳನ್ನೆಲ್ಲ ಕುಕ್ಕಿದೆ.

ಸ್ಪರ್ಧೆಯ ದಿನ ರಾಯ್ಖಾನ್ ಒಳಗೆ ಬರಲಿಲ್ಲ. ಮಗಳು ಸ್ಕೇಟ್ ಮಾಡುವುದನ್ನು ಅವಳು ಯಾವತ್ತೂ ನೋಡುವುದಿಲ್ಲ, ಲಾಬಿಯಲ್ಲಿ ನಿಂತಿರುತ್ತಾಳೆ. ಬಾ ಎಂದು ಕರೆಯಲು ಹೋದೆ. ನನ್ನ ಕೈ ಹಿಡಿದು, ಈ ಸಲ ಬೋತಾ ಸೋಲಲಿ ಎಂದು ಬೇಡಿಕೊಳ್ಳುತ್ತಿದ್ದೇನೆ, ನಾನೆಂಥ ತಾಯಿ ಎಂದಳು. ಅವಳಿಗೂ ಸಾಕಾಗಿತ್ತು. ಊರಿಗೆ ಹೋಗಬೇಕು, ಗಂಡನ ಮುಖ ನೋಡಬೇಕು. ಆದರೆ ಮಗಳ ಕನಸನ್ನು ತನ್ನ ಬಾಯಿಂದ ಹೇಗೆ ಮುರಿಯಲಿ ಎಂದು ಅತ್ತಳು. ನಾನು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ನಿಂತೆ. ಅಷ್ಟರಲ್ಲಿ ಮೈಕಿನಲ್ಲಿ ಬೋತಾಳ ಹೆಸರು ಕೂಗಿದರು.

ಓಡಿಹೋಗಿ ಕೂತೆ. ಬೋತಾ ನೀಲಿ ಫ್ರಾಕಿನಲ್ಲಿ ನಡುವೆ ನಿಂತಿದ್ದಳು. ಸಂಗೀತ ಶುರುವಾಯಿತು. ಮೊದಲ ನೆಗೆತದಲ್ಲಿ ಬೀಳುತ್ತಾಳೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಎರಡನೆಯದರಲ್ಲೂ ಇಲ್ಲ. ಮುಂದಕ್ಕೆ ಹೋಗುತ್ತ ಹೋಗುತ್ತ ಅವಳು ಎಂದೂ ಮಾಡದ ಹಾಗೆ ಮಾಡಿದಳು. ಸುತ್ತಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಬೀಳೇ, ಬೀಳೇ ತಾಯಿ ಎಂದು ನಾನೊಬ್ಬಳು ಒಳಗೊಳಗೇ ಬೇಡುತ್ತಿದ್ದೆ.

ಐಸಿನಿಂದ ಇಳಿದವರು ಕೋಚಿನ ಜೊತೆ ಕೂತು ಮಾರ್ಕ್ಸ್ ಕಾಯುವ ಬೆಂಚೊಂದಿದೆ. ಕಿಸ್ ಅಂಡ್ ಕ್ರೈ ಎಂದು ಅದರ ಹೆಸರಂತೆ. ಮುತ್ತಿಡುವುದೂ ಅಲ್ಲೇ, ಅಳುವುದೂ ಅಲ್ಲೇ. ಎದುರಿಗೇ ಕ್ಯಾಮೆರಾ. ಕೊನೆಯ ಸ್ಪರ್ಧಿಯೂ ವಾದಿಮನ ಶಿಷ್ಯೆಯೇ. ಅವನು ಇವಳ ಬೆನ್ನು ತಟ್ಟಿ ಆ ಹುಡುಗಿಯ ಹತ್ತಿರ ಹೋಗಿಬಿಟ್ಟ. ಬೋತಾ ಒಬ್ಬಳೇ ಕೂತು ನನ್ನ ಕಡೆ ಕೈ ಮಾಡಿದಳು. ಬ್ಯಾಡ್ಜು ಹಾಕಿಕೊಂಡ ಒಬ್ಬಾಕೆ ಬಂದು, ಚೂಡಿದಾರದ ಮೇಲೆ ಸ್ವೆಟರು ತೊಟ್ಟಿದ್ದ ನನ್ನನ್ನು ಕಜಾಕಿಸ್ತಾನದ ಕೋಚೆಂದೇ ತಿಳಿದು, ಮರ್ಯಾದೆಯಿಂದ ಅವಳ ಪಕ್ಕ ಕೂರಿಸಿದಳು.

ಮಾರ್ಕ್ಸ್ ಬಂತು. ಐದನೆಯ ಸ್ಥಾನ, ಇನ್ನೊಬ್ಬಳೇ ಬಾಕಿ; ಎಂಟರೊಳಗೆ ಬಂದೇಬಿಟ್ಟಿದ್ದಳು. ಕ್ಯಾಮೆರಾ ಮುಖದ ಹತ್ತಿರ ಬಂತು. ಬೋತಾ ನಗುತ್ತ ಕೈ ಬೀಸಿದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಜನ ಇನ್ನೂ ಜೋರಾಗಿ ಕೂಗಿದರು.

"ಕಾಲು ನನ್ನ ಮಾತು ಕೇಳಲಿಲ್ಲ ಆಂಟಿ," ಎಂದಳು, ನಗು ಬಿಡದೆ.

ನನಗೆ ತಡೆಯಲಾಗಲಿಲ್ಲ. ರಾಯ್ಖಾನ್ ನನ್ನ ಮೇಲಿಟ್ಟ ನಂಬಿಕೆ ಮಣ್ಣುಪಾಲಾಗಲಿ, "ನಿಮ್ಮಮ್ಮಂಗೂ ಸಾಕಾಗಿದೆ ಕಣೆ, ಈಗ ತಾನೆ ನನ್ನ ಹತ್ರ ಅತ್ತಳು" ಎಂದುಬಿಟ್ಟೆ. ಬೋತಾಳ ನಗು ಅಲ್ಲೇ ನಿಂತಿತು. ಎದ್ದಳು. ಸ್ಕೇಟು ಬಿಚ್ಚದೆ, ಕಬ್ಬಿಣ ಟಕಟಕ ಎನ್ನುತ್ತ, ಲಾಬಿಗೆ ಹೋದಳು.

ರಾಯ್ಖಾನ್ ಚಪ್ಪಾಳೆ ಕೇಳಿಸಿಕೊಂಡು ಮುಖಕ್ಕೆ ಸಂತೋಷ ತಂದುಕೊಂಡು ನಿಂತಿದ್ದಳು. ತಬ್ಬಿಕೊಳ್ಳಲು ಕೈ ಚಾಚಿದಳು. ಬೋತಾ ಆ ಕೈ ತಳ್ಳಿ ಕೂಗಾಡಿದಳು. ತಾಯಿಯೂ ಕೂಗಿದಳು. ಅವರ ಭಾಷೆ ನನಗೆ ಒಂದಕ್ಷರ ಬಾರದು. ಆದರೆ ನೀನ್ಯಾಕೆ ಹೇಳಲಿಲ್ಲ, ನೀನ್ಯಾಕೆ ಹೇಳಲಿಲ್ಲ ಎನ್ನುವ ಜಗಳಕ್ಕೆ ತರ್ಜುಮೆ ಬೇಕೇ. ಅಷ್ಟು ದಿನದಲ್ಲಿ ಅವರಿಬ್ಬರು ಜಗಳವಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಗೆ ಇಬ್ಬರೂ ನೆಲದ ಮೇಲೇ ಕುಸಿದು ಕೂತರು.

ಫೆಡರೇಶನ್ನಿನ ದೊಡ್ಡ ಮನುಷ್ಯ ಹೂಗುಚ್ಛ ಹಿಡಿದು ಬಂದ. ರಾಯ್ಖಾನ್ ಕೂತಲ್ಲಿಂದಲೇ ತಲೆ ಎತ್ತಿ ಅವನಿಗೆ ಏನೋ ಹೇಳಿದಳು, ಮೆಲ್ಲಗೆ; ಬೋತಾ ಇನ್ನು ಸ್ಕೇಟ್ ಮಾಡುವುದಿಲ್ಲ ಎಂದೇ ಇರಬೇಕು. ಅವನ ಮುಖ ಬಿದ್ದುಹೋಯಿತು. ಇದಕ್ಕೆಲ್ಲ ನಾನೇ ಕಾರಣ ಎನ್ನುವಂತೆ ನನ್ನನ್ನು ನೋಡಿ, ಹೂವನ್ನು ನನ್ನ ಕೈಗೇ ತುರುಕಿ ಹೋದ.

ವಾಪಸು ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಬಂದ ಮೇಲೆ ಬೋತಾ ಅಭ್ಯಾಸಬಲದಿಂದ ಕೇಳಿದಳು:

"ನಾಳೆ ಎಷ್ಟೊತ್ತಿಗೆ ಏಳಬೇಕು ಆಂಟಿ?"

"ಎಚ್ಚರ ಆದಾಗ ಏಳು," ಎಂದೆ.

ಕನ್ನಡಿಯಲ್ಲಿ ನೋಡಿದೆ. ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದಳು, ತಾಯಿ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮನೆ ಕಡೆಯ ಸನ್ನಿವೇಲ್ ಎಕ್ಸಿಟ್ಟು ಬಂತು. ಅವರ ನಿದ್ದೆ ಕೆಡದಿರಲೆಂದು ನಾನು ಕಾರನ್ನು ಅತ್ತ ತಿರುಗಿಸಲಿಲ್ಲ. ಪಾಲೋ ಆಲ್ಟೋ ಕಡೆಗೆ ನಿಧಾನ ಲೇನಿನಲ್ಲಿ ಹಾಗೇ ಹೋಗುತ್ತಿದ್ದೆ.