ರಾಮವ್ವ ಕುಂತರೆ ಆರುವ ದೀಪ

ನಮ್ಮೂರಿನ ಬೀರಲಿಂಗಪ್ಪನಿಗೆ ಎರಡು ಮಾತು ಹೇಳಬಾರದು. ಒಂದು, ‘ಇದು ನಿನಗೆ ಬರುವುದಿಲ್ಲ.’ ಇನ್ನೊಂದು, ‘ಬರುವವರನ್ನು ಕರೆಸು.’ ಎರಡರಲ್ಲಿ ಯಾವುದನ್ನು ಹೇಳಿದರೂ ಮನುಷ್ಯನ ಮೂಗಿನ ತುದಿ ಕೆಂಪಾಗುತ್ತದೆ, ಕೈಯಲ್ಲಿದ್ದದ್ದು ಅಂಗಳಕ್ಕೆ ಹಾರುತ್ತದೆ. ಮನೆಯ ನಳ, ಹೊಲದ ಪಂಪು, ಚಕ್ಕಡಿಯ ಗಾಲಿ, ಆಡಿನ ಕುಂಟುಗಾಲು, ಎಲ್ಲಕ್ಕೂ ಅವನೇ ಡಾಕ್ಟರು. ಅರ್ಧ ಸರಿಹೋಗುತ್ತವೆ. ಉಳಿದರ್ಧ ಸರಿಹೋಗಿವೆ ಎಂದು ಅವನು ಹೇಳುತ್ತಾನೆ. ಅವನ ಮನೆಯ ಎದುರಿಗೇ ನನ್ನ ಹಿಟ್ಟಿನ ಗಿರಣಿ ಇರುವುದು ನನ್ನ ಕರ್ಮ. ಅವನು ಏನನ್ನೇ ಬಿಚ್ಚಲಿ, “ಲೇ ದಾವೂದ, ಇಷ್ಟು ಹಿಡಿ ಬಾ” ಎಂಬ ಕೂಗು ಬರುವುದು ನನಗೇ.

ಅವನದೊಂದು ಹಳೆಯ ಮೋಟರ್‌ಸೈಕಲ್. ಮೇವಿನ ಸಿವುಡು ಹೇರಿ ಹೇರಿ ಅದರ ಇಂಡಿಕೇಟರುಗಳು ಎಂದೋ ಮುರಿದುಬಿದ್ದಿದ್ದವು. ಅವನಿಗೆ ಅವು ಬೇಕಾಗಿಯೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ರಾಮವ್ವ ಇದ್ದಳಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತಾರೆ, ಬಲಗೈಯಲ್ಲಿ ಗಂಡನ ಹೆಗಲು ಹಿಡಿಯುತ್ತಾರೆ. ಎಡಗೈ ರಸ್ತೆಗೆ ಮೀಸಲು. ಗಾಡಿ ಎಡಕ್ಕೆ ತಿರುಗುವುದಿದ್ದರೆ ಆ ಕೈ ನೆಟ್ಟಗೆ ಚಾಚುತ್ತಾರೆ, ಬಲಕ್ಕಾದರೆ ತಲೆಯ ಮೇಲೆತ್ತಿ ಆಚೆಗೆ ಬಾಗಿಸುತ್ತಾರೆ. ರಾಮವ್ವ ಕೈ ಎತ್ತಿದಳೆಂದರೆ ಹಿಂದಿನ ಬಸ್ಸೂ ನಿಂತು ದಾರಿ ಬಿಡುತ್ತಿತ್ತು. ಮದುವೆಯಾದಾಗಿನಿಂದ ಗಂಡ ಹ್ಯಾಂಡಲ್ ತಿರುಗಿಸುತ್ತ, ಹೆಂಡತಿ ಕೈ ತೋರಿಸುತ್ತ ಬಂದಿದ್ದರು.

ಹೋದ ವರ್ಷ ಆ ಎಡಗೈಯೇ ಕೈಕೊಟ್ಟಿತು. ಭುಜ ಹಿಡಿದುಕೊಂಡು ಎದೆಮಟ್ಟಕ್ಕಿಂತ ಮೇಲೆ ಏಳದಾಯಿತು. ರಾಮವ್ವ ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲಾರದೆ ಬೆಳಿಗ್ಗೆ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಬಾಚಣಿಗೆ ಹಿಡಿದು ಕೂರುತ್ತಿದ್ದಳು. ಊರಿಗೆಲ್ಲ ಬಾಣಂತನ ಮಾಡಿದ ಹೆಣ್ಣುಮಗಳು, ತಲೆ ಬಾಚಿಸಿಕೊಳ್ಳುವಾಗ ಕಣ್ಣೆತ್ತಿ ನೋಡುತ್ತಿರಲಿಲ್ಲ.

ನವಲಗುಂದದಲ್ಲಿ ವ್ಯಾಯಾಮ ಮಾಡಿಸಿ ಕೈಕಾಲು ಸಡಿಲಿಸುವ ಡಾಕ್ಟರಬಾಯಿ ಒಬ್ಬರಿದ್ದಾರೆ. ಅವರು ಕಡ್ಡಿ ತುಂಡು ಮಾಡಿದಂತೆ ಹೇಳಿದರು: ವಾರವಾರ ಬರಬೇಕು, ಮನೆಯಲ್ಲಿ ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲಕ್ಕೆ ಒಯ್ಯಬೇಕು, ನೋವೆಂದು ಬಿಟ್ಟರೆ ಭುಜ ಹಾಗೆಯೇ ನಿಂತುಬಿಡುತ್ತದೆ. ರಾಮವ್ವ ಹೊರಗೆ ಬಂದವಳೇ, “ಗೋಡಿ ಹತ್ತಾಕ ನಾ ಏನ್ ಹಲ್ಲಿ ಏನ್ರಿ?” ಅಂದಳಂತೆ. ಅಷ್ಟಕ್ಕೇ ಗೋಡೆಯ ವ್ಯಾಯಾಮ ಮುಗಿಯಿತು.

ಇನ್ನು ಹೋಗಿಬರುವ ಮಾತು. ನವಲಗುಂದದಿಂದ ಬರುವಾಗ ನಮ್ಮೂರ ಕ್ರಾಸಿನಲ್ಲಿ ಹುಬ್ಬಳ್ಳಿ ರಸ್ತೆಯನ್ನು ಬಲಕ್ಕೆ ದಾಟಬೇಕು. ಲಾರಿಗಳು ಯಾರಪ್ಪನ ಮಾತೂ ಕೇಳದ ಜಾಗ ಅದು. ಕೈ ತೋರಿಸುವವರಿಲ್ಲದೆ ದಾಟಲು ಬೀರಲಿಂಗಪ್ಪನಿಗೂ ಧೈರ್ಯವಿರಲಿಲ್ಲ. ಅದಕ್ಕೇ ನವಲಗುಂದದ ಸಾಧಿಕ್‌ನ ಗ್ಯಾರೇಜಿಗೆ ಹೋಗಿ ನಾಲ್ಕು ಎಲ್‌ಇಡಿ ಇಂಡಿಕೇಟರು ತಂದ. ಸಾಧಿಕ್, “ಕಾಕಾ, ಗಾಡಿ ತರ್ರಿ, ಹಾಕಿ ಕೊಡ್ತೇನಿ” ಅಂದದ್ದೇ ತಪ್ಪಾಯಿತು. ಮೂಗು ಕೆಂಪಾಯಿತು. ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ನನ್ನ ಗಿರಣಿಯ ಮುಂದೆ ಬಂದು ಗಾಡಿ ನಿಲ್ಲಿಸಿ ವೈರು ಬಿಚ್ಚಿ ಹರಡಿದ.

ಹಾಕಿದ ಮೇಲೆ ಅವು ಮಿಣುಕಿದ್ದು ನೋಡಬೇಕಿತ್ತು. ಪಟಪಟಪಟ ಹೊಡೆದುಕೊಂಡವು, ಯಾವುದೋ ಪಿಶಾಚಿ ಹೊಕ್ಕವರಂತೆ. ಸಾಧಿಕ್‌ನಿಗೆ ಫೋನ್ ಮಾಡಿ ಗದರಿದ. ಅವನು ಸಮಾಧಾನದಿಂದ, “ದೀಪ ಮಿಣುಕಿಸೂ ರಿಲೇ ಹಳೇದೈತಿ ಕಾಕಾ. ದೊಡ್ಡ ಬಲ್ಬಿನ ಕರೆಂಟ್ ನೋಡಿ ರೂಢಿ ಆಗಿರ್ತೈತಿ ಅದು. ಈ ಸಣ್ಣ ದೀಪಕ್ಕ ಕರೆಂಟ್ ಭಾಳ ಕಡಿಮಿ, ಅದಕ್ಕ ಬಲ್ಬ್ ಸುಟ್ಟೈತಿ ಅಂತ ತಿಳ್ಕೊಂಡು ಹಂಗ ಓಡ್ತೈತಿ. ಎಲ್‌ಇಡಿ ರಿಲೇ ಹಾಕ್ರಿ” ಅಂದ. ಹೊಸ ರಿಲೇ ಬಂತು. ದೀಪ ಹದವಾಗಿ ಮಿಣುಕತೊಡಗಿತು. ನಾನು ಹಿಂದೆ ನಿಂತು, “ಎಡಾ ಹತ್ತೈತಿ, ಬಲಾ ಹತ್ತೈತಿ” ಎಂದು ಕೂಗಿ ಗಂಟಲು ಹರಿದುಕೊಂಡೆ. ಬೀರಲಿಂಗಪ್ಪ ಮೀಸೆಯ ಮೇಲೆ ಕೈ ಆಡಿಸಿದ.

ರಾಮವ್ವ ಹತ್ತಿ ಕೂತಳು. ದೀಪ ಆರಿತು.

ಇಳಿದಳು, ಹತ್ತಿತು. ಮೊದಮೊದಲು ಇದನ್ನು ಯಾರೂ ಹೊಂದಿಸಿ ನೋಡಲಿಲ್ಲ. ಅಂಗಳದಲ್ಲಿ ಸರಿ, ರಸ್ತೆಯಲ್ಲಿ ಕೆಡುತ್ತದೆ ಎಂದಷ್ಟೇ ತಿಳಿದೆವು. ಸಾಧಿಕ್‌ನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ರಾಮವ್ವ ಇಳಿದರೆ ದೀಪ ಚಂದಾಗಿ ಮಿಣುಕುತ್ತಿತ್ತು. ಸಾಧಿಕ್ ನೋಡಿ, “ಸರಿ ಐತೆಲ್ರಿ ಕಾಕಾ” ಅನ್ನುವನು. ಒಂದು ಸಲ, “ಅರ್ಥಿಂಗ್ ನೋಡೂಣೇನ್ರಿ?” ಎಂದೂ ಕೇಳಿದ. “ಅರ್ಥಿಂಗ್ ನಾನ ಬೋಲ್ಟ್ ಬಿಗಿದು ಕೊಟ್ಟೇನಿ, ಆನಿ ಎಳೆದ್ರೂ ಬರಂಗಿಲ್ಲ” ಎಂದು ಬೀರಲಿಂಗಪ್ಪ ಸೀಟು ಮುಟ್ಟಗೊಡಲಿಲ್ಲ. ಊರಿಗೆ ಬಂದು ಸ್ವಿಚ್ಚು ಬಿಚ್ಚಿದ, ವೈರು ಬದಲಿಸಿದ, ಬ್ಯಾಟರಿ ತೊಳೆದ. ಪ್ರತಿ ಸಲವೂ ನಾನು ಗಿರಣಿ ನಿಲ್ಲಿಸಿ ಹಿಂದೆ ನಿಲ್ಲಬೇಕು. ಹಿಟ್ಟಿಗೆ ಬಂದ ಹೆಂಗಸರು ನನ್ನನ್ನು ಬೈಯಬೇಕು. ಒಮ್ಮೆ ಸಿಟ್ಟು ತಡೆಯದೆ ಅವನು ಬೋಲ್ಟು ತಿರುಗಿಸುವ ಪಾನಾ ಬೀಸಿ ಒಗೆದದ್ದು ನನ್ನ ಗಿರಣಿಯ ತಗಡಿಗೆ ಬಡಿದು ಇಂದಿಗೂ ತಗ್ಗು ಹಾಗೇ ಇದೆ.

ಕೊನೆಗೆ ಅವನ ಬಾಯಿಂದ ಹೊರಟೇಬಿಟ್ಟಿತು. “ಇಕಿ ಕುಂತ್ರ ಕೆಡತೈತಿ, ದಾವೂದ.”

ಬಾಗಿಲಲ್ಲಿದ್ದ ರಾಮವ್ವ ಕೇಳಿಸಿಕೊಂಡಳು. “ಹೌದ್ರಿ, ನಾನ ದರಿದ್ರದಾಕಿ. ನಾ ಕುಂತ್ರ ದೀಪ ಆರತೈತಿ, ನಾ ನಿಂತ್ರ ಮಳಿ ನಿಲ್ತೈತಿ. ನೀವೊಬ್ಬರ ಹೋಗ್ರಿ ಡಾಕ್ಟರ್ ಕಡೆ, ನಿಮ್ಮ ತಲಿ ತೋರಿಸ್ಕೊಂಡು ಬರ್ರಿ” ಎಂದು ಒಳಗೆ ಹೋದಳು. ನಾನು ನಗು ತಡೆಯಲು ಗಿರಣಿ ಚಾಲೂ ಮಾಡಿದೆ.

ಅಷ್ಟಾದರೂ ವಾರ ಬಂದರೆ ಹೋಗದೆ ವಿಧಿಯಿರಲಿಲ್ಲ. ದೀಪದ ಮೇಲೆ ನಂಬಿಕೆ ಸತ್ತಿತ್ತು. ಕ್ರಾಸಿನಲ್ಲಿ ಹಿಂದಿನಿಂದ ಲಾರಿ ಹಾರ್ನ್ ಹೊಡೆದದ್ದೇ ತಡ, ರಾಮವ್ವ “ಅವ್ವಾ” ಎಂದು ಚೀರುತ್ತಲೇ ಎಡಗೈ ಎತ್ತಿದಳು. ಎದೆ ದಾಟಿತು, ಗದ್ದದವರೆಗೆ ಬಂತು. ಮುಂದಿನ ವಾರ ಕಿವಿ. ದಾರಿಯುದ್ದಕ್ಕೂ ಪ್ರತಿ ತಿರುವಿಗೆ ನೋವಿನಿಂದ ಗಂಡನ ಏಳು ತಲೆಮಾರು ಬೈದು ಎತ್ತುತ್ತಿದ್ದಳು. ಡಾಕ್ಟರಬಾಯಿ ಹಿಗ್ಗಿ, “ಗೋಡಿ ಮ್ಯಾಲ ಚಲೋ ಮಾಡಾಕತ್ತೀರಿ” ಅಂದರಂತೆ. ರಾಮವ್ವ ನಾಚಿಕೆಯಿಲ್ಲದೆ, “ಹೌದ್ರಿ ಬಾಯಿ” ಅಂದಳಂತೆ.

ಗಾಡಿಯ ರೋಗ ಸಿಕ್ಕಿದ್ದು ನನ್ನ ಸೊಂಟನೋವಿನಿಂದ. ಅವನು ಎಂದಿನಂತೆ ಇಂಡಿಕೇಟರು ಹಚ್ಚಿಟ್ಟು ಮುಂದೆ ಕುಕ್ಕರಗಾಲಲ್ಲಿ ಕೂತು ಯಾವುದೋ ವೈರಿಗೆ ಟೇಪು ಸುತ್ತುತ್ತಿದ್ದ. ನಾನು ಹೊತ್ತು ತಂದ ಜೋಳದ ಚೀಲ ಭಾರವಾಗಿ ಗಾಡಿಯ ಹಿಂದಿನ ಸೀಟಿನ ಮೇಲೆ ಧೊಪ್ಪೆಂದು ಇಟ್ಟೆ. ದೀಪ ಆರಿತು.

“ಏನ್ ಮುಟ್ಟಿದಿ ಲೇ?” ಎಂದು ಹಾರಿಬಿದ್ದ.

“ಏನೂ ಮುಟ್ಟಿಲ್ಲೋ ಮಾರಾಯ, ಚೀಲ ಇಟ್ಟೆ.” ಎತ್ತಿದೆ, ಮಿಣುಕಿತು. ಇಟ್ಟೆ, ಆರಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸೀಟು ಕಿತ್ತೆವು.

ಮಹಾನವಮಿಗೆ ನಮ್ಮಲ್ಲಿ ಚಕ್ಕಡಿಗೆ ಎಣ್ಣೆಬಣ್ಣ ಬಳಿದು ಪೂಜೆ ಮಾಡುತ್ತೇವೆ. ಡಬ್ಬಿಯಲ್ಲಿ ಬಣ್ಣ ಉಳಿದರೆ ಅದನ್ನು ಚೆಲ್ಲುವ ಜಾತಿ ನಮ್ಮದಲ್ಲ. ಕೂರಿಗೆಗೆ, ಕಿಡಕಿಗೆ, ಸಿಕ್ಕಿದ್ದಕ್ಕೆಲ್ಲ ಬಳಿಯುತ್ತೇವೆ. ಬೀರಲಿಂಗಪ್ಪ ಹಸಿರು ಬಣ್ಣವನ್ನು ಗಾಡಿಯ ಮೈಗೆ ಬಳಿದಿದ್ದ, ಅದೂ ಎರಡು ಕೈ. ಸೀಟಿನ ಕೆಳಗಿನ ಕಬ್ಬಿಣವನ್ನೂ ಬಿಟ್ಟಿರಲಿಲ್ಲ. ಎಲ್ಲ ದೀಪಗಳ ಕರೆಂಟು ವಾಪಸು ಹೋಗಬೇಕಾದ ಕಪ್ಪು ಅರ್ಥಿಂಗ್ ವೈರನ್ನು ಆ ದಪ್ಪ ಬಣ್ಣದ ಮೇಲೆಯೇ ಬೋಲ್ಟಿನಲ್ಲಿ ಬಿಗಿದಿದ್ದ. ಕಬ್ಬಿಣಕ್ಕೆ ಅದು ತಾಗುತ್ತಿದ್ದದ್ದು ಎಲ್ಲೋ ಒಂದು ಅಂಚಿನಲ್ಲಿ ಮಾತ್ರ. ಹಿಂದೆ ಭಾರ ಬಿದ್ದರೆ ಸೀಟು ವೈರನ್ನು ಒತ್ತುವುದು, ಆ ಅಂಚೂ ಬಿಡುವುದು. ಸಾಧಿಕ್ ಕೇಳಿದ ದಿನವೇ ಸೀಟು ಎತ್ತಿದ್ದರೆ ನನ್ನ ಗಂಟಲಾದರೂ ಉಳಿಯುತ್ತಿತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವನ ಕೈಯಲ್ಲಿ ಪಾನಾ ಇತ್ತು, ಮುಚ್ಚಿದೆ.

ಬಣ್ಣ ಕೆರೆದ, ಬೆಳ್ಳಗೆ ಕಬ್ಬಿಣ ಕಂಡಿತು, ಬಿಗಿದ. ರಾಮವ್ವನನ್ನು ಕರೆದು ಕೂರಿಸಿದ. ದೀಪ ಮಿಣುಕುತ್ತಲೇ ಇತ್ತು. ಊರೆಲ್ಲ ಒಂದು ಸುತ್ತು ಹಾಕಿಸಿಕೊಂಡು ಬಂದ, ಬೇಕಿಲ್ಲದ ಕಡೆಯಲ್ಲೂ ಇಂಡಿಕೇಟರು ಹಾಕಿ ತಿರುಗಿಸಿದ. “ನಾ ಮೊದಲ ಹೇಳಿದ್ನಿಲ್ಲ, ಸರಿ ಮಾಡ್ತೇನಿ ಅಂತ” ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದ.

ಅಲ್ಲಿಂದ ರಾಮವ್ವ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಆರಾಮಾಗಿ ಕೂರತೊಡಗಿದಳು. ದೀಪವಿರುವಾಗ ಕೈ ಯಾಕೆ? ಗೋಡೆಯ ಹತ್ತಿರವಂತೂ ಹೋಗಲಿಲ್ಲ. ಕಿವಿಯವರೆಗೆ ಬಂದಿದ್ದ ಕೈ ಮತ್ತೆ ಗದ್ದಕ್ಕಿಳಿಯಿತು, ಗದ್ದದಿಂದ ಎದೆಗೆ. ಡಾಕ್ಟರಬಾಯಿ ಈ ಸಲ ಗಂಡನನ್ನೇ ಒಳಗೆ ಕರೆದು ಝಾಡಿಸಿದರು. ಹೀಗೇ ಬಿಟ್ಟರೆ ಇನ್ನು ತನ್ನ ಕೈಲೂ ಆಗುವುದಿಲ್ಲ ಎಂದರು. ಆ ದಿನ ಅವನು ಗಾಡಿ ನಿಲ್ಲಿಸಿ ನನ್ನ ಗಿರಣಿಯ ಮೆಟ್ಟಿಲ ಮೇಲೆ ಬಂದು ಕೂತ. “ಬೇಡಿಕೊಂಡೆ, ಬೈದೆ. ಬ್ಯಾನಿ ಆಗತೈತಿ ಅಂತಾಳ, ಎತ್ತವಲ್ಲಳು” ಅಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುತ್ತೇನೆ, ಬೀರಲಿಂಗಪ್ಪ ಗಾಡಿಯ ಸೀಟು ಕಿತ್ತು ಪಕ್ಕಕ್ಕಿಟ್ಟಿದ್ದಾನೆ. ಮುಂದೆ ಅದೇ ಹಸಿರು ಬಣ್ಣದ ಡಬ್ಬಿ. ಕೆರೆದ ಜಾಗಕ್ಕೆ ಬ್ರಷ್ಷಿನಿಂದ ಬಣ್ಣ ತೀಡುತ್ತಿದ್ದಾನೆ.

“ಬೀರಣ್ಣ, ತಲಿ ಕೆಟ್ಟತೇನ? ಅದಕ್ಕಾಗಿ ಎಷ್ಟು ತ್ರಾಸ ತಗೊಂಡ್ವಿ!”

“ಬಾಯಿ ಮುಚ್ಚು ಲೇ. ಅಕಿಗೆ ಕೇಳಸ್ತೈತಿ.” ಬಣ್ಣ ಒಣಗುವವರೆಗೆ ಕಾಯ್ದು, ವೈರು ಬಿಗಿದು, ಸೀಟು ಕೂರಿಸಿದ.

ರಾಮವ್ವ ಬಂದು ಹತ್ತಿ ಕೂತಳು. ಅವನು ಸ್ವಿಚ್ಚು ಒತ್ತಿದ. ದೀಪ ಹತ್ತಲಿಲ್ಲ.

“ಮತ್ತ ಆರಿತೇನ್ರಿ?” ರಾಮವ್ವ ಶುರುಮಾಡಿದಳು. “ಇಷ್ಟ ದಿನ ಬಿಚ್ಚಿದ್ದು ಏನು, ಕಟ್ಟಿದ್ದು ಏನು. ಊರಾಗಿಂದೆಲ್ಲ ನಾನ ರಿಪೇರಿ ಮಾಡ್ತೇನಿ ಅಂತೀರಿ. ಒಂದು ದೀಪ ಹಚ್ಚಾಕ ಬರಂಗಿಲ್ಲ ನಿಮಗ!”

ನಾನು ಅವನ ಮೂಗು ನೋಡಿದೆ. ಪಾನಾ ಎಲ್ಲಿದೆಯೆಂದೂ ನೋಡಿದೆ.

“ಹೌದು, ಬರಂಗಿಲ್ಲ ನನಗ” ಅಂದ ಬೀರಲಿಂಗಪ್ಪ. “ಕೈ ತೋರಿಸು.”

ಗಾಡಿ ಹೊರಟಿತು. ಓಣಿಯ ಕೊನೆಯಲ್ಲಿ ಬಲಕ್ಕೆ ತಿರುಗುವ ಮುಂಚೆ ರಾಮವ್ವನ ಎಡಗೈ ಸೆರಗಿನಿಂದ ಹೊರಗೆ ಬಂತು. ಬೈಗಳು ನನ್ನ ಗಿರಣಿಯವರೆಗೂ ಕೇಳಿಸುತ್ತಿದ್ದವು. ಕೈ ಎದೆ ದಾಟಿತು, ಗದ್ದ ದಾಟಿತು, ಹಸಿರು ಬಳೆಗಳು ಮೊಣಕೈಗೆ ಜಾರಿದವು.